ಅರ್ಧ ಪ್ರಸಾದ

ಮೇಣದಬತ್ತಿಯ ವಾಸನೆ ಬಂದರೆ ಕೆಲವರಿಗೆ ಭಕ್ತಿ ಬರುತ್ತದಂತೆ. ನನಗೆ ಸಿಟ್ಟು ಬರುತ್ತದೆ. ಹೋದ ತಿಂಗಳು ನಮ್ಮ ಶಾಲೆಯ ಟೀಚರೊಬ್ಬರ ಮಗಳ ಮದುವೆಗೆಂದು ಭಾಲ್ಕಿಯಿಂದ ಔರಾದಿಗೆ ಹೋಗಿದ್ದೆ. ಊಟ ಮುಗಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಬರುವಾಗ ನಮ್ಮ ಹಳೇ ಚರ್ಚಿನ ಬಾಗಿಲು ತೆರೆದಿತ್ತು. ಒಳಗೆ ಯಾರೋ ನೆಲ ಒರೆಸುತ್ತಿದ್ದರು. ಒದ್ದೆ ಗೋಡೆ, ಫಿನಾಯಿಲು, ಆರಿದ ಮೇಣ, ಮೂರರ ವಾಸನೆಯೂ ಸೇರಿ ರಸ್ತೆಯ ತನಕ ಬಂತು. ನಾನು ನಡಿಗೆ ಚುರುಕು ಮಾಡಿದೆ. ಜೊತೆಗಿದ್ದವರು, “ಒಳಗ ಹೋಗಿ ಕೈಮುಗದು ಬರ್ತೀರೇನ್ರಿ ಮೇಡಂ? ನಿಮ್ದೇ ಅಲ್ಲೇನ್ರಿ ಅದು?” ಅಂದರು. ಬಸ್ಸಿಗೆ ಹೊತ್ತಾಯಿತು ಎಂದೆ. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ನಮ್ಮದೇ ಹೌದು. ಕೂಸಿದ್ದಾಗ ತಲೆಗೆ ನೀರು ಹಾಕಿ ನನಗೆ ಜ್ಞಾನಸ್ನಾನ ಮಾಡಿಸಿದ್ದು ಅಲ್ಲಿ. ಮೊದಲ ಪರಮಪ್ರಸಾದ ಸಿಕ್ಕಿದ್ದೂ ಅಲ್ಲೇ. ಆ ದಿನ ಬಿಳಿ ಫ್ರಾಕು ಹಾಕಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ನನ್ನ ಫೋಟೊ ಈಗಲೂ ಟ್ರಂಕಿನಲ್ಲಿದೆ. ಆಮೇಲೆ ನನ್ನ ನಂಬಿಕೆ ಯಾವಾಗ ಹೋಯಿತೋ ನನಗೇ ತಿಳಿಯಲಿಲ್ಲ. ಜಗಳವಾಡಿಕೊಂಡು ಹೋಗಲಿಲ್ಲ, ಸುಮ್ಮನೆ ಹೋಯಿತು. ಕಾಲೇಜಿಗೆ ಬೀದರಕ್ಕೆ ಹೋದೆ, ಭಾನುವಾರ ಬಟ್ಟೆ ಒಗೆಯುವ ದಿನವಾಯಿತು, ಅಷ್ಟೇ. ಅವ್ವನದು ಮಾತ್ರ ಗಟ್ಟಿ ನಂಬಿಕೆ. ಪೂಜೆಯಲ್ಲಿ ಕೊಡುವ ಗೋಧಿ ಹಿಟ್ಟಿನ ಆ ತೆಳ್ಳನೆಯ ಬಿಳಿ ಬಿಲ್ಲೆ ಅವಳಿಗೆ ಗುರುತೂ ಅಲ್ಲ, ನೆನಪೂ ಅಲ್ಲ. ಅದು ಪ್ರಭುವೇ. ನಾಲಿಗೆಯ ಮೇಲೆ ಇಟ್ಟ ಕೂಡಲೇ ಅವನು ಬರುತ್ತಾನೆ, ಬಂದದ್ದು ಗೊತ್ತಾಗುತ್ತದೆ ಎನ್ನುತ್ತಿದ್ದಳು. ಮನೆಗೆ ಅಣ್ಣ ಬಂದ, ಅಳಿಯ ಬಂದ ಅನ್ನುವ ಧಾಟಿಯಲ್ಲೇ ಹೇಳುತ್ತಿದ್ದಳು.

ಅಪ್ಪ ಬೌದ್ಧ. ಹೆಸರು ಕಾಶಿನಾಥ, ಕೆಲಸ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಬೀದರ-ಔರಾದ ರೂಟಿನಲ್ಲಿ ಅವನ ಬಾಯಿಗೆ ಹೆದರದವರಿರಲಿಲ್ಲ. ಅವ್ವ ಬೀದರಿನ ಕಥೋಲಿಕ ಮನೆಯವಳು, ಫಿಲೋಮಿನಾ. ದಿನಾ ಅದೇ ಬಸ್ಸಿನಲ್ಲಿ ನರ್ಸಿಂಗ್ ಹೋಮಿನ ಆಯಾ ಕೆಲಸಕ್ಕೆ ಹೋಗುತ್ತಿದ್ದಳು. ಮುಂದಿನದು ನೀವೇ ಊಹಿಸಿಕೊಳ್ಳಿ. ಆಗಿನ ಮುದುಕ ಫಾದರ್ ಒಬ್ಬರು ಮೇಲಿನವರಿಂದ ಪರವಾನಗಿ ತರಿಸಿ, ಚರ್ಚಿನಲ್ಲೇ ಮದುವೆ ಮಾಡಿಸಿದರು. ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಲು ಅಡ್ಡ ಬರುವುದಿಲ್ಲ ಎಂದು ಅಪ್ಪ ಮಾತು ಕೊಟ್ಟ, ಮಾತಿನಂತೆ ನಡೆದ. ಆದರೆ ತಾನು ಮಾತ್ರ ಕ್ರೈಸ್ತನಾಗಲಿಲ್ಲ. “ನಮ್ಮಪ್ಪ ಒಂದು ಗುಡಿ ಹೊರಗ ನಿಂತು ನಿಂತು ಸಾಕಾಗಿ ಬುದ್ಧನ ಹಂತ್ಯಾಕ ಬಂದ. ಇನ್ನ ನಾ ಮತ್ತೊಂದು ಗುಡಿ ಬಾಗಲ್ದಾಗ ಹೋಗಿ, ಒಳಗ ಬರ್ಲ್ಯಾ ಅಂತ ಕೇಳಬೇಕೇನು?” ಅನ್ನುತ್ತಿದ್ದ. ಅವ್ವ ಒತ್ತಾಯ ಮಾಡಿದ್ದನ್ನು ನಾನು ಕಂಡಿಲ್ಲ.

ಒಂದು ವಿಷಯ ಮಾತ್ರ ಅವಳಿಗೆ ಚುಚ್ಚುತ್ತಿತ್ತು. ಬುದ್ಧ ಪೂರ್ಣಿಮೆಗೆ ವಿಹಾರದಲ್ಲಿ ಖೀರು ಹಂಚುತ್ತಾರೆ. ಅಪ್ಪ ತನ್ನ ಪಾಲು ಅಲ್ಲಿ ತಿನ್ನದೆ ಸ್ಟೀಲ್ ಡಬ್ಬಿಯಲ್ಲಿ ತಂದು ಅವ್ವನ ಮುಂದೆ ಇಟ್ಟು, ಅವಳು ಉಂಡ ಮೇಲೆ ತಾನು ಉಣ್ಣುತ್ತಿದ್ದ. ನಮ್ಮ ಕಡೆ ಇದು ಎಲ್ಲರ ಮನೆಯ ರೂಢಿ. ದರ್ಗಾದಿಂದ ಸಕ್ಕರೆ ಬಂದರೂ, ಭಜನೆಯಿಂದ ಕೊಬ್ಬರಿ ಬಂದರೂ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಬಂದು ಮನೆಯಲ್ಲಿ ಉಳಿದವರ ಬಾಯಿಗೆ ಒಂದೊಂದು ಚೂರು ಹಾಕಬೇಕು. ದೇವರ ಹತ್ತಿರದಿಂದ ಒಬ್ಬರೇ ತಿಂದು ಬಾಯಿ ಒರೆಸಿಕೊಂಡು ಬಂದರೆ ಅದು ದೇವರಿಗೇ ಅವಮಾನ ಎಂದು ತಿಳಿದವರು ನಾವು. ಭಾನುವಾರ ಅವ್ವ ಬಂದಾಗಲೆಲ್ಲ ಅಪ್ಪ ಕಾಡುತ್ತಿದ್ದ: “ಬಂದಳಪಾ ನಮ್ಮ ಫಿಲೋಮಿನಾ ಬಾಯಿ. ಒಬ್ಬಾಕೀನೇ ಉಂಡು ಬಂದಳು.” ಅವ್ವ ನಗುತ್ತಿದ್ದಳು. ಆ ನಗು ಪೂರ್ತಿ ನಗುವಾಗಿರಲಿಲ್ಲ ಎಂದು ಈಗ ಅನಿಸುತ್ತದೆ.

ಆ ವರ್ಷ ಮುಂಗಾರು ಶುರುವಾಗುವ ಹೊತ್ತಿಗೆ ಅಪ್ಪ ರಿಟೈರ್ ಆಗಿ ಮನೆಯಲ್ಲಿದ್ದ. ವರ್ಷದ ಜೋಳ ತರಲು ಬೀದರಿನ ಗಾಂಧಿ ಗಂಜಕ್ಕೆ ಹೋದವನು ಚೀಲಗಳ ನಡುವೆ ಕುಸಿದು ಬಿದ್ದ. ಹಮಾಲರು ಕೈಗಾಡಿಯ ಮೇಲಿದ್ದ ತೊಗರಿ ಇಳಿಸಿ, ಗಾಡಿಯ ಮೇಲೆ ಅವನನ್ನು ಮಲಗಿಸಿ ದವಾಖಾನೆಗೆ ತಳ್ಳಿಕೊಂಡು ಹೋದರು. ಲಕ್ವ ಹೊಡೆದಿತ್ತು. ಜೀವ ಉಳಿಯಿತು, ಬಲಗಡೆ ಪೂರ್ತಿ ಹೋಯಿತು. ಮಾತು ಹೋಗಿ, ಸ್ವಲ್ಪ ದಿನದಲ್ಲಿ ತೊದಲುತ್ತಾ ವಾಪಸ್ಸು ಬಂತು. ಔರಾದಿನ ಮನೆಗೆ ಕರೆತಂದಾಗ ಪಡಸಾಲೆಯ ಮಂಚದ ಮೇಲೆ ಒರಗಿ ಕುಳಿತು, ಎಡಗೈಯಿಂದ ಬಲಗೈಯನ್ನು ಎತ್ತಿ ಎತ್ತಿ ಬಿಡುತ್ತಿದ್ದ. ನಾನು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಭಾಲ್ಕಿಯಿಂದ ಬರುತ್ತಿದ್ದೆ, ಸೋಮವಾರ ಬೆಳಗಿನ ಬಸ್ಸಿಗೆ ಹಿಂತಿರುಗುತ್ತಿದ್ದೆ. ಹೊರಗೆ ಜಿಟಿಜಿಟಿ ಮಳೆ, ಚಪ್ಪಲಿಗೆ ಸೇರುಗಟ್ಟಲೆ ಕರಿಮಣ್ಣು. ಒಳಗೆ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಅವ್ವ ತಿನ್ನಿಸುತ್ತಿದ್ದಳು, ಅಪ್ಪ ತುಟಿಯ ಕೊನೆಯಿಂದ ಉಗುಳುತ್ತಿದ್ದ. ನಿದ್ದೆಯಂತೂ ಅವನಿಗಿರಲಿಲ್ಲ.

ಒಂದು ಭಾನುವಾರ ಅವ್ವ ಪೂಜೆಯಿಂದ ಬಂದು ಛತ್ರಿ ಮಡಿಸುತ್ತಿದ್ದಳು. ಅಪ್ಪ ಅವಳನ್ನೇ ನೋಡುತ್ತಿದ್ದವನು, “ಏನ್ ಕೊಡ್ತಾರ ನಿನಗ ಅಲ್ಲಿ?” ಅಂದ.

“ಗೊತ್ತಿಲ್ಲೇನ್ರಿ ನಿಮಗ? ಪ್ರಸಾದ.”

“ಹೋಗೂಮುಂದ ಹೆಣದಂಗ ಹೋಗ್ತಿ. ಬರೂಮುಂದ ನಿನ್ನ ಮಾರಿ ಬ್ಯಾರೇನೇ ಇರ್ತದ. ಅದೇನು ನನಗೂ ಜರಾ ಕೊಡು.”

ಇದು ಚೇಷ್ಟೆಯ ಮಾತಲ್ಲ ಎಂದು ಅವ್ವನಿಗೂ ನನಗೂ ಗೊತ್ತಾಯಿತು. ಅಪ್ಪ ಬೇಡಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವ್ವ ಛತ್ರಿ ಮೂಲೆಗಿಟ್ಟು ಅಡುಗೆಮನೆಗೆ ಹೋದಳು.

ಮುಂದಿನ ವಾರ ಬಂದವಳೇ ಕೈಕಾಲು ತೊಳೆದು, ಸೊಂಟದಿಂದ ಮಡಿಸಿದ ಬಿಳಿ ಕರವಸ್ತ್ರ ತೆಗೆದಳು. ಬಿಸಿನೀರಿನಲ್ಲಿ ಒಗೆದು, ಬೇರೆ ಬಟ್ಟೆಗೆ ತಾಗದಂತೆ ಒಣಗಿಸಿದ ವಸ್ತ್ರ. ಅದರೊಳಗೆ ಅರ್ಧ ಬಿಲ್ಲೆ. ಕೈಯಲ್ಲಿ ಪ್ರಸಾದ ಕೊಟ್ಟಾಗ ಪಕ್ಕಕ್ಕೆ ಸರಿದು, ಮುರಿದು, ಅರ್ಧ ತಾನು ತೆಗೆದುಕೊಂಡು ಅರ್ಧ ಅಂಗೈಯಲ್ಲಿ ಉಳಿಸಿಕೊಂಡಿದ್ದಳು. ಹೆಂಗಸರ ಸಾಲಿಗೆ ಪ್ರಸಾದ ಕೊಡುವವರು ವಯಸ್ಸಾದ ಸಿಸ್ಟರ್. ಅವರಿಗೆ ಕಾಣಲಿಲ್ಲವೋ, ಕಂಡೂ ಕಾಣದ ಹಾಗೆ ಇದ್ದರೋ, ಅವರೇ ಬಲ್ಲರು. ನಾನು ಗಾಬರಿಯಾದೆ. ನಂಬಿಕೆ ಹೋದರೂ ಕಲಿತ ಪಾಠ ಹೋಗುವುದಿಲ್ಲ ನೋಡಿ. ಜ್ಞಾನಸ್ನಾನ ಆಗದವರಿಗೆ ಪರಮಪ್ರಸಾದ ಇಲ್ಲ, ಚರ್ಚಿನಿಂದ ಅದನ್ನು ಹೊರಗೆ ಒಯ್ಯುವ ಹಾಗಿಲ್ಲ, ಒಯ್ಯುವುದು ಘೋರ ಪಾಪ.

“ಅವ್ವಾ, ತಿಳೀತದೋ ಇಲ್ಲೋ ನಿನಗ? ಯಾರರೆ ನೋಡಿದ್ರ?”

“ಪ್ರಭು ನೋಡ್ಯಾನ. ಮತ್ಯಾರಿಗಿ ಅಂಜ್ಲಿ?”

ಅಪ್ಪ ತುಂಡನ್ನು ನೋಡಿ ಸೊಟ್ಟ ಬಾಯಲ್ಲೇ ನಕ್ಕ. “ಅರ್ಧಾ? ನನಗ ಹಾಫ್ ಟಿಕೇಟ್ ಏನ?”

“ತುಣಕಿನ್ಯಾಗೂ ಪೂರಾ ಪ್ರಭು ಇರ್ತಾನ್ರಿ. ಬಾಯಿ ತಗೀರಿ.”

ಬಾಯಿ ತೆರೆದ. ಅವ್ವ ನಾಲಿಗೆಯ ಮೇಲೆ ಇಟ್ಟಳು. ರೊಟ್ಟಿ ಉಗುಳುತ್ತಿದ್ದವನು ಅದನ್ನು ಉಗುಳಲಿಲ್ಲ. “ಸಪ್ಪಗ ಅದ” ಅಂದ. ಅವ್ವ ಮಂಚದ ಅಂಚಿಗೆ ಕುಳಿತು ಅವನ ಸತ್ತ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಇಬ್ಬರೂ ಹಾಗೇ ಇದ್ದರು. ಅಪ್ಪ ಅಂದು ಮಧ್ಯಾಹ್ನ ಗೊರಕೆ ಹೊಡೆಯುತ್ತಾ ನಿದ್ದೆ ಮಾಡಿದ. ದೇವರು ಬಂದಿದ್ದನೋ, ಮಾತ್ರೆ ಕೆಲಸ ಮಾಡಿತೋ ನಾನು ಹೇಳಲಾರೆ. ಮನೆಯಲ್ಲಿ ಏನೋ ಸಮಾಧಾನವಾದದ್ದಂತೂ ಖರೆ. ಅದನ್ನು ಕಂಡ ನನಗೂ ಹೊಟ್ಟೆ ತಣ್ಣಗಾಯಿತು, ಯಾಕೆ ಸುಳ್ಳು ಹೇಳಲಿ.

ಆ ಆಷಾಢವೆಲ್ಲ ಹಾಗೇ ನಡೆಯಿತು. ಭಾನುವಾರ ಬಂದರೆ ಅಪ್ಪ ಬೆಳಗ್ಗೆಯೇ ಗಡ್ಡ ಮಾಡು ಎಂದು ನನ್ನನ್ನು ಪೀಡಿಸುತ್ತಿದ್ದ. ಒಗೆದ ಅಂಗಿ ಹಾಕಿಸಿಕೊಂಡು ಬಾಗಿಲ ಕಡೆ ಮುಖ ಮಾಡಿ ಕೂರುತ್ತಿದ್ದ. ಗೋಡೆಯ ಗೂಡಿನಲ್ಲಿ ಬುದ್ಧನ ಮೂರ್ತಿ ಎಂದಿನಂತೆ ಕಣ್ಣು ಮುಚ್ಚಿಕೊಂಡು ಕುಳಿತಿರುತ್ತಿತ್ತು. ಮನೆಯಲ್ಲಿ ಯಾವ ದೇವರೂ ತಕರಾರು ತೆಗೆಯಲಿಲ್ಲ.

ತಕರಾರು ತೆಗೆದವರು ಫಾದರ್ ಅನಿಲ್. ಆ ವರ್ಷವೇ ಕರಾವಳಿ ಕಡೆಯಿಂದ ನಮ್ಮ ಚರ್ಚಿಗೆ ವರ್ಗವಾಗಿ ಬಂದ ಎಳೆ ಹುಡುಗ, ಗಡ್ಡ ಕೂಡ ಸರಿಯಾಗಿ ಬಂದಿರಲಿಲ್ಲ. ಕೆಟ್ಟವರು ಅಂತ ನಾನು ಹೇಳುವುದಿಲ್ಲ, ಹೇಳಿದರೆ ಸುಲಭವಾಗುತ್ತಿತ್ತು. ಪುಸ್ತಕದ ಕನ್ನಡ, ಪುಸ್ತಕದ ದೇವರು. ನಮ್ಮ ಮಂದಿ ‘ಹೌದ್ರಿ ಫಾದರ್’ ಎಂದು ತಲೆ ಅಲ್ಲಾಡಿಸಿದ್ದನ್ನು ಒಪ್ಪಿಗೆ ಎಂದು ತಿಳಿದುಕೊಂಡಿದ್ದರು.

ಆಗಸ್ಟ್ ಹದಿನೈದು ನಮಗೆ ಯೇಸುವಿನ ತಾಯಿ ಮರಿಯಮ್ಮನವರ ಹಬ್ಬವೂ ಹೌದು. ಧ್ವಜ ಹಾರಿಸಿದ ಮೇಲೆ ಪೂಜೆ. ಚರ್ಚು ಭರ್ತಿಯಾಗಿತ್ತು. ರಜೆ ಇದ್ದದ್ದರಿಂದ ನಾನೂ ಹೋಗಿ ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ಸಿಸ್ಟರಿಗೆ ಜ್ವರ, ಅದಕ್ಕೆ ಎರಡೂ ಸಾಲಿಗೆ ಫಾದರ್ ಒಬ್ಬರೇ ಪ್ರಸಾದ ಕೊಡುತ್ತಿದ್ದರು. ಅವ್ವ ಕೈಯೊಡ್ಡಿದಳು, ‘ಆಮೆನ್’ ಅಂದಳು, ಪಕ್ಕಕ್ಕೆ ಸರಿದಳು. ಆಗ ಫಾದರ್ ಅನಿಲರ ದನಿ ಕೇಳಿತು:

“ಅಮ್ಮಾ, ನಿಲ್ಲಿ. ಕೈ ತೋರಿಸಿ.”

ಹಾಡು ಹಾಡುತ್ತಿದ್ದವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಅವ್ವ ಅಂಗೈ ಬಿಡಿಸಿದಳು. ಅರ್ಧ ಬಿಲ್ಲೆ ಬೆವರಿಗೆ ಅಂಟಿಕೊಂಡಿತ್ತು.

“ಇದನ್ನು ಎಲ್ಲಿಗೆ ತೆಗೆದುಕೊಂಡು ಹೋಗುತ್ತಿದ್ದೀರಿ?”

“ಮನಿಗ್ರಿ ಫಾದರ್. ಅವರಿಗಿ ಆರಾಮಿಲ್ರಿ.”

“ನಿಮ್ಮ ಯಜಮಾನರಿಗಾ? ಅವರು ಕ್ರೈಸ್ತರಲ್ಲವಲ್ಲ?”

“ಅಲ್ರಿ.”

“ಎಷ್ಟು ಸಲ ಹೀಗೆ ಮಾಡಿದ್ದೀರಿ?”

ಸುಳ್ಳು ಹೇಳು ಎಂದು ನಾನು ಗೋಡೆಗೆ ಒರಗಿಕೊಂಡೇ ಮನಸ್ಸಿನಲ್ಲಿ ಬೇಡಿಕೊಂಡೆ. ಆದರೆ ಅವ್ವ, “ಭಾಳ ಸಲ ಆಯ್ತ್ರಿ” ಅಂದಳು.

ಫಾದರ್ ಅವಳ ಅಂಗೈಯಿಂದ ಆ ಚೂರನ್ನು ಉಗುರಿನಿಂದ ಎಬ್ಬಿಸಿ, ಎಲ್ಲರೂ ನೋಡುತ್ತಿರುವಂತೆ ತಮ್ಮ ಬಾಯಿಗೆ ಹಾಕಿಕೊಂಡರು. ಪ್ರಸಾದ ಬಿದ್ದರೂ ಉಳಿದರೂ ಗುರುಗಳೇ ಸೇವಿಸಬೇಕು, ಅದು ವಿಧಿ. ನನಗೆ ವಿಧಿ ಗೊತ್ತಿದೆ. ಆದರೂ ಹೇಳುತ್ತೇನೆ, ನಮ್ಮಪ್ಪನ ಬಾಯಿಯ ತುತ್ತನ್ನು ಅವರು ತಿಂದರು. ಆಮೇಲೆ ಮೈಕಿನ ಮುಂದೆ ಹೋಗಿ ಪರಮಪ್ರಸಾದದ ಪಾವಿತ್ರ್ಯದ ಬಗ್ಗೆ ಪಾಠ ಮಾಡಿದರು. ತಿಳಿಯದೆ ಮಾಡಿದ ತಪ್ಪನ್ನು ದೇವರು ಕ್ಷಮಿಸುತ್ತಾರೆ, ಅದಕ್ಕೆ ಗುರುಗಳ ಕಿವಿಯಲ್ಲಿ ತಪ್ಪೊಪ್ಪಿಕೊಳ್ಳುವ ಪಾಪನಿವೇದನೆ ಇದೆ, ಅಲ್ಲಿಯವರೆಗೆ ಸಾಲಿಗೆ ಬರಬಾರದು ಎಂದರು. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಹಬ್ಬದ ಬೂಂದಿ ಹಂಚುವಾಗ ಅವ್ವನ ಪಕ್ಕದಲ್ಲಿ ಯಾರೂ ನಿಲ್ಲಲಿಲ್ಲ.

ಅಪ್ಪ ಮನೆಯಲ್ಲಿ ಒಗೆದ ಅಂಗಿ ಹಾಕಿಕೊಂಡು ಕುಳಿತಿದ್ದ. ಅವ್ವ ಬರಿಗೈಯಲ್ಲಿ ಬಂದದ್ದನ್ನು ನೋಡಿ ಏನಾಯಿತೆಂದು ಅವನಿಗೆ ಹೊಳೆದಿರಬೇಕು. ಕೇಳಲಿಲ್ಲ. ನಾನೇ ಎಲ್ಲವನ್ನೂ ಹೇಳಿದೆ, ಸಿಟ್ಟಿನಲ್ಲಿ ಕೂಗಿ ಹೇಳಿದೆ.

ಮುಂದಿನ ಭಾನುವಾರ ಅವ್ವ ಪಾಪನಿವೇದನೆಗೆ ಹೋಗಿ ಮೊಣಕಾಲೂರಿದಳು. ಬೇಗ ಎದ್ದು ಬಂದಳು. ಸಾಲಿಗೆ ಹೋಗಲಿಲ್ಲ, ಬೆಂಚಿನಲ್ಲೇ ಕುಳಿತಳು. ಮನೆಗೆ ಬಂದು ನಾನು ಕೆದಕಿ ಕೆದಕಿ ಕೇಳಿದ ಮೇಲೆ ಹೇಳಿದಳು:

“ಪಶ್ಚಾತ್ತಾಪ ಆಗ್ಯಾದೇನಮ್ಮಾ ಅಂತ ಕೇಳಿದ್ರು. ಇಲ್ರಿ ಅಂದೆ. ಹಂಗಾರ ಕ್ಷಮಾ ಕೊಡ್ಲಾಕ ಬರಂಗಿಲ್ಲ ಅಂದ್ರು.”

“ಆಗ್ಯಾದ ಅಂದ್ರ ಏನ್ ಗಂಟ ಹೋಗ್ತಿತ್ತು ನಿಂದು? ಒಂದ ಮಾತು!”

“ಅಲ್ಲಿ ಕುಂತು ಸುಳ್ಳ ಹೇಳ್ಲೇನು ಸುಜಾ? ಅವರ ಮುಂದಲ್ಲವ್ವ, ಅವನ ಮುಂದ?”

ನನಗೆ ಅವಳ ಮೇಲೂ ಸಿಟ್ಟು ಬಂತು. ಒಂದು ಸುಳ್ಳು ಹೇಳಿದ್ದರೆ ಅವಳ ಪ್ರಭು ಅವಳಿಗೆ ವಾಪಸ್ಸು ಸಿಗುತ್ತಿದ್ದ. ಜನ ದಿನಾ ಹೇಳುತ್ತಾರೆ, ಹೇಳಿ ಬಂದು ನಾಲಿಗೆ ಚಾಚುತ್ತಾರೆ. ಅವ್ವನಿಗೆ ಅದು ಬರಲಿಲ್ಲ. ವಾರ ವಾರ ಹೋಗಿ ಬೆಂಚಿನ ಮೇಲೆ ಕುಳಿತು, ಮುಂದೆ ಸಾಗುವ ಸಾಲನ್ನು ನೋಡಿ ಬರುತ್ತಿದ್ದಳು. ಹೊರಗೆ ಮಳೆ ಬಿಡುವುದನ್ನೇ ಮರೆತಿತ್ತು. ಹೊಲದಲ್ಲಿ ಕೀಳದೆ ಉಳಿದ ಹೆಸರಿನ ಬೆಳೆ ಕಾಯಲ್ಲೇ ಮೊಳಕೆ ಒಡೆದಿತ್ತು. ಮನೆಯಲ್ಲಿ ಅಪ್ಪ ಮತ್ತೆ ರೊಟ್ಟಿ ಉಗುಳತೊಡಗಿದ್ದ. ಅವ್ವ ಅಷ್ಟು ಸೊರಗಿದ್ದನ್ನು ನಾನು ಕಂಡಿರಲಿಲ್ಲ. ತಾಟಿನ ಮುಂದೆ ಕುಳಿತರೆ ಎರಡು ತುತ್ತು ತಿಂದು ಏಳುತ್ತಿದ್ದಳು.

ಗಣಪತಿ ಹಬ್ಬ ಮುಗಿದ ಮೇಲಿರಬೇಕು, ಅಪ್ಪ ನನಗೆ ಹೇಳಿದ: “ಆ ಫಾದರಗ ಬರ್ಲಾಕ ಹೇಳು. ನಾ ಮಾತಾಡ್ತೀನಿ.”

ಫಾದರ್ ಅನಿಲ್ ಬಂದರು. ಕುರ್ಚಿ ಹಾಕಿದೆ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅಪ್ಪ ಮೂರು ಸಲ ತೊದಲಿ ಮಾತನ್ನು ಸರಿ ಮಾಡಿಕೊಂಡ.

“ನನಗ ಜ್ಞಾನಸ್ನಾನ ಕೊಡ್ರಿ.”

ಅವ್ವ ಬಾಗಿಲು ಹಿಡಿದುಕೊಂಡಳು. ನಾನು ಬುದ್ಧನ ಮೂರ್ತಿ ನೋಡಿದೆ. ಯಾರ ಬಾಗಿಲಲ್ಲೂ ನಿಂತು ಕೇಳುವುದಿಲ್ಲ ಎಂದ ಮನುಷ್ಯ ಕೇಳಿಬಿಟ್ಟಿದ್ದ.

ಫಾದರ್ ಮುಖ ಅರಳಿತು. “ತುಂಬಾ ಸಂತೋಷ ಸರ್. ಆದರೆ ಇದು ಆತುರದಲ್ಲಿ ಮಾಡುವುದಲ್ಲ. ದೀಕ್ಷೆಗೆ ಮುಂಚೆ ಒಂದು ವರ್ಷ ಪಾಠ ಇರುತ್ತದೆ. ನೀವು ಪ್ರಭು ಯೇಸುವನ್ನು ನಂಬುತ್ತೀರಾ?”

“ಈಕಿ ನಂಬ್ತಾಳ. ನಾ ಈಕೀನ ನಂಬ್ತೀನಿ.”

“ಅದು ಸಾಕಾಗುವುದಿಲ್ಲವಲ್ಲ. ಸ್ವತಃ ನಿಮಗೆ ನಂಬಿಕೆ ಬೇಕು.”

“ಫಾದರ್, ಈಕಿ ದೇವರಿಗಿ ನಾ ಈಕಿ ಮಾರಿ ಮ್ಯಾಲೇ ನೋಡೀನ್ರಿ. ಇಷ್ಟ ವರ್ಷ ಮತ್ತೆಲ್ಲೂ ನೋಡಿಲ್ಲ. ನನ್ನ ಸಲುವಾಗಿ ಈಕಿ ಕಳ್ಳಿ ಆದಳು ಎಲ್ಲರ ಮುಂದ. ನಾ ಟಿಕೇಟ್ ತಗೊಂಡುಬಿಟ್ಟರ ಮುಗೀತಲ್ಲ? ಕೊಡ್ರಿ.”

ಫಾದರ್ ಅನಿಲ್ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡರು. ಅವರಿಗೆ ಕಷ್ಟವಾಗಿತ್ತು, ನಾನು ಅಲ್ಲವೆನ್ನುವುದಿಲ್ಲ. ಹೇಳಿದರು: “ಸರ್, ನೀವು ಇದನ್ನು ಹೆಂಡತಿಗಾಗಿ ಕೇಳುತ್ತಿದ್ದೀರಿ. ದೇವರಿಗಾಗಿ ಅಲ್ಲ. ಹಾಗೆ ಕೊಟ್ಟರೆ ನಾನು ತಪ್ಪು ಮಾಡಿದ ಹಾಗೆ. ಉಪದೇಶಿಯನ್ನು ಕಳಿಸುತ್ತೇನೆ, ಪಾಠ ಶುರು ಮಾಡೋಣ. ಡಾಕ್ಟರು ಹೇಗೂ ನೀವು ಹುಷಾರಾಗುತ್ತಿದ್ದೀರಿ ಅಂದಿದ್ದಾರೆ. ಜೀವಕ್ಕೆ ಅಪಾಯ ಇದ್ದಿದ್ದರೆ ಬೇರೆ ಮಾತಿತ್ತು.”

ಅಪ್ಪ ತಲೆ ಅಲ್ಲಾಡಿಸಿದ. “ಆಯ್ತ್ರಿ. ಚಾ ಕುಡದು ಹೋಗ್ರಿ” ಅಂದ. ಅವರು ಹೋದ ಮೇಲೆ ಗೋಡೆ ಕಡೆ ಹೊರಳಿದ. ಉಪದೇಶಿ ಒಮ್ಮೆ ಬಂದಾಗ ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡ. ಪುನಃ ಅವರೂ ಬರಲಿಲ್ಲ.

ಸುದ್ದಿ ಮಾತ್ರ ಹರಡಿತು. ಅಪ್ಪನ ಗೆಳೆಯ ಧನರಾಜ ಕಾಕಾ ದಿನಾ ಸಂಜೆ ಬಂದು ವಿಹಾರದ ಸುದ್ದಿ ಹೇಳಿ, ಪೇಪರು ಓದಿ ಹೋಗುತ್ತಿದ್ದವರು. ಅವರು ಬಾಗಿಲಲ್ಲೇ ನಿಂತು, “ಕಾಶ್ಯಾ, ಜಿಂದಗಿಭರ್ ನಮಗ ಭಾಷಣ ಹೊಡದಿ, ಈಗ ಅವರ ಹಂತ್ಯಾಕ ಕೈ ಚಾಚಿದಿ ಅಂತ. ಖರೇ ಏನ?” ಅಂದರು. ಅಪ್ಪ “ಖರೇ” ಅಂದ. ಕಾಕಾ ಚಪ್ಪಲಿ ಮೆಟ್ಟಿಕೊಂಡು ಹೋದವರು ಆಮೇಲೆ ಸಂಜೆಗೆ ಬರಲಿಲ್ಲ. ಪೇಪರು ಮಡಿಕೆ ಬಿಚ್ಚದೆ ಹಾಗೇ ಬೀಳತೊಡಗಿತು. ಆ ಕಡೆಯವರು ಒಳಗೆ ಕರೆಯಲಿಲ್ಲ, ಈ ಕಡೆಯವರು ಬಿಟ್ಟುಹೋದರು. ಅಪ್ಪನಿಗೆ ಸಿಕ್ಕಿದ್ದು ಮಂಚ ಮಾತ್ರ.

ಸೋಯಾ ರಾಶಿಯ ದಿನಗಳು. ಊರ ತುಂಬ ಮಷೀನಿನ ಸದ್ದು, ಹೊಟ್ಟಿನ ಧೂಳು. ದಸರೆಯ ರಜೆಗೆ ನಾನು ಔರಾದಿನಲ್ಲೇ ಇದ್ದೆ. ಒಂದು ಮಧ್ಯಾಹ್ನ ಅಪ್ಪನ ಉಸಿರು ಬದಲಾಯಿತು. ಡಾಕ್ಟರು ಬಂದು ನೋಡಿ, ಬೀದರಕ್ಕೆ ಒಯ್ದರೆ ದಾರಿಯಲ್ಲೇ ಏನಾದರೂ ಆದೀತು, ಇಲ್ಲೇ ಇರಲಿ ಎಂದರು. ನಾನು ಫಾದರ್ ಅನಿಲರಿಗೆ ಫೋನ್ ಮಾಡಿದೆ. ಯಾಕೆ ಮಾಡಿದೆನೋ! ಅವ್ವನ ಮುಖ ನೋಡಿ ಮಾಡಿದೆ. ಅವರು ಯಾವುದೋ ಸಭೆಗೆಂದು ದೂರ ಹೋಗಿದ್ದರು. ಗಾಬರಿಯ ದನಿಯಲ್ಲಿ ಹೇಳಿದರು: “ನಾನು ಬರುವವರೆಗೆ ಕಾಯಬೇಡಿ. ಇಂಥ ಹೊತ್ತಿನಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ಅಮ್ಮನೇ ಕೊಡಲಿ. ತಲೆಯ ಮೇಲೆ ನೀರು ಹಾಕುತ್ತಾ, ಪಿತನ, ಸುತನ, ಪವಿತ್ರಾತ್ಮನ ಹೆಸರಿನಲ್ಲಿ ಅಂತ ಹೇಳಿದರೆ ಆಯಿತು. ಅವರು ಕೇಳಿಕೊಂಡಿದ್ದರಲ್ಲ, ಅಷ್ಟು ಸಾಕು.”

ಅಷ್ಟು ಸಾಕು! ಕೂತು, ಎಚ್ಚರವಾಗಿದ್ದು, ಬಾಯಿಬಿಟ್ಟು ಕೇಳಿದಾಗ ಸಾಲದ್ದು ಈಗ ಸಾಕಾಯಿತು.

ಅವ್ವ ತಂಬಿಗೆಯಲ್ಲಿ ನೀರು ತಂದಳು. ಅವಳ ಪಾಲಿಗೆ ಇದು ಆಟವಲ್ಲ. ಆ ನೀರು ಬಿದ್ದರೆ ಮುಂದೊಂದು ದಿನ ಅವನು ಅವಳಿಗೆ ಸಿಗುತ್ತಾನೆ, ಬೀಳದಿದ್ದರೆ ಏನು ಗತಿಯೋ ಅವಳಿಗೆ ಗೊತ್ತಿಲ್ಲ. ಹಾಕಿಬಿಡಬಹುದಿತ್ತು. ನಾನು ತಡೆಯುತ್ತಿರಲಿಲ್ಲ. ಆದರೆ ಅವಳು ಬಗ್ಗಿ ಅವನ ಕಿವಿಯಲ್ಲಿ ಕೇಳಿದಳು:

“ಏನ್ರಿ, ನೀರು ಹಾಕ್ಲೇನ್ರಿ?”

ಅಪ್ಪ ಕಣ್ಣು ತೆರೆದ. ತಂಬಿಗೆ ನೋಡಿದ. ಅವಳನ್ನು ನೋಡಿದ. ಎಡಗೈ ಹಾಸಿಗೆಯಿಂದ ಒಂದಿಷ್ಟೇ ಎದ್ದು ಅತ್ತಿತ್ತ ಆಡಿತು. ಭರ್ತಿಯಾದ ಬಸ್ಸಿನಿಂದ ಸ್ಟಾಪಿನವರಿಗೆ ಕಂಡಕ್ಟರು ಮಾಡುವ ಸನ್ನೆ ಅದು, ನಿಲ್ಲಿಸುವುದಿಲ್ಲ ಎಂದು. ಅದನ್ನು ಗುರುತಿಸಲು ನಮ್ಮಿಬ್ಬರಿಗೂ ಒಂದು ಕ್ಷಣವೂ ಬೇಕಾಗಲಿಲ್ಲ.

“ನೀರು ಹಾಕಿದ್ರೇನಮ್ಮಾ? ಹೇಳಿದ್ರಾ?” ಫೋನಿನಿಂದ ಫಾದರ್ ಕೇಳುತ್ತಿದ್ದರು. ನಾನು ಫೋನ್ ಬಂದ್ ಮಾಡಿದೆ. ಅವ್ವ ತಂಬಿಗೆಯನ್ನು ನೆಲಕ್ಕಿಟ್ಟು, ಸೆರಗಿನ ತುದಿ ಅದ್ದಿ, ಅಪ್ಪನ ತುಟಿ ಒರೆಸಿದಳು. ಹೊತ್ತು ಮುಳುಗುವ ಮುಂಚೆ ಅಪ್ಪ ಹೋದ.

ಮಣ್ಣು ಮಾಡಿದ್ದು ಬೌದ್ಧರೇ. ಧನರಾಜ ಕಾಕಾ ಎಲ್ಲರಿಗಿಂತ ಮುಂಚೆ ಬಂದರು, ಗೂಡಿನ ಬುದ್ಧನನ್ನು ತೆಗೆದು ಅಪ್ಪನ ತಲೆಯ ಹತ್ತಿರ ಇಟ್ಟರು, ತ್ರಿಶರಣವನ್ನು ಎಲ್ಲರಿಗಿಂತ ಜೋರಾಗಿ ಹೇಳಿದರು. ಫಾದರ್ ಅನಿಲ್ ಕೂಡ ಬಂದಿದ್ದರು. ಹಿಂದೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದರು, ಕಣ್ಣು ಕೆಂಪಾಗಿದ್ದವು. ಹೋಗುವಾಗ ಅವ್ವನ ಹತ್ತಿರ, “ಬನ್ನಿ ಅಮ್ಮ. ಪ್ರಭು ನಿಮಗಾಗಿ ಕಾಯುತ್ತಿದ್ದಾರೆ” ಅಂದರು. ಅವರು ಅತ್ತದ್ದು ನಾಟಕವಲ್ಲ. ಆದರೂ ನಾನು ಅವರನ್ನು ಕ್ಷಮಿಸಿಲ್ಲ. ಇಂದಿಗೂ ಇಲ್ಲ.

ಕ್ರಿಸ್‌ಮಸ್ ಬೆಳಗ್ಗೆ ಅವ್ವನನ್ನು ಚರ್ಚಿಗೆ ಕರೆದುಕೊಂಡು ಹೋದವಳು ನಾನೇ. ಅವಳ ತೂಕ ಅಷ್ಟು ಇಳಿದಿತ್ತು, ಥಂಡಿಗೆ ಹಲ್ಲು ಕಟಕಟ ಎನ್ನುತ್ತಿದ್ದವು. ಪೂಜೆಗೆ ಮುಂಚೆ ಪಾಪನಿವೇದನೆಗೆ ಹೋದಳು. ಈ ಸಲ ಬಹಳ ಹೊತ್ತು ಇದ್ದಳು. ಬಂದು ಪಕ್ಕದಲ್ಲಿ ಕೂತಾಗ ಕೇಳಿದೆ:

“ಏನಂದ್ರು?”

“ಕ್ಷಮಾ ಕೊಟ್ರು.”

“ಮತ್ತ ನೀ ಏನಂದಿ? ಪ್ರಸಾದ ಒಯ್ದದ್ದು ತಪ್ಪಾಯ್ತು ಅಂದ್ಯಾ?”

“ಅದಲ್ಲ. ಅದು ಈ ಸಲ ಅವರು ಕೇಳ್ಲೇ ಇಲ್ಲ. ನೀರು ಹಾಕ್ಲಿಲ್ಲಲ್ಲ, ಅದು ತಪ್ಪಾಯ್ತು ಅಂದೆ. ಕೇಳಬಾರದಿತ್ತು ನಾ. ಸುಮ್ಮ ಹಾಕಿಬಿಡಬೇಕಿತ್ತು.”

ಅವಳು ಜೀವನದಲ್ಲಿ ಮಾಡಿದ ಅತ್ಯಂತ ಮರ್ಯಾದೆಯ ಕೆಲಸ ಅದು. ಅದನ್ನೇ ಪಾಪವೆಂದು ಒಪ್ಪಿಸಿ ಬಂದಿದ್ದಳು, ಮನಸಾರೆ ಒಪ್ಪಿಸಿದ್ದಳು. ಅವರೂ ಪಾಪವೆಂದೇ ಒಪ್ಪಿಕೊಂಡು ಕ್ಷಮಿಸಿದ್ದರು.

ಸಾಲು ಶುರುವಾಯಿತು. ಜನ ಅವಳಿಗೆ ಜಾಗ ಬಿಟ್ಟುಕೊಟ್ಟರು. ಫಾದರ್ ಅನಿಲ್ ಅವಳ ಮುಂದೆ ಬಿಲ್ಲೆಯನ್ನು ಎತ್ತಿ ಹಿಡಿದು, “ಕ್ರಿಸ್ತರ ಶರೀರ” ಅಂದರು. ಅವ್ವ ಕೈ ಒಡ್ಡಲಿಲ್ಲ. ಬಾಯಿ ತೆರೆದಳು. ಇಡಿಯ ಬಿಲ್ಲೆಯನ್ನು ನಾಲಿಗೆಯ ಮೇಲೆ ಇಟ್ಟರು.

ಬೆಂಚಿಗೆ ಬಂದು ಮೊಣಕಾಲೂರಿ ಕಣ್ಣು ಮುಚ್ಚಿದಳು. ಸಾಲು ಮುಂದೆ ಸಾಗುತ್ತಿತ್ತು, ಮಂದಿ ಕ್ರಿಸ್‌ಮಸ್ ಹಾಡು ಹಾಡುತ್ತಿದ್ದರು. ಅವಳು ಕಾಯುತ್ತಿರುವುದು ನನಗೆ ಗೊತ್ತಾಗುತ್ತಿತ್ತು. ಕಣ್ಣು ಬಿಗಿಯಾದವು, ಸಡಿಲವಾದವು, ಮತ್ತೆ ಬಿಗಿಯಾದವು. ಆಮೇಲೆ ಕಣ್ಣು ತೆರೆದು ನನ್ನ ಕಡೆ ತಿರುಗಿದಳು. ಆ ಹೆದರಿಕೆಯನ್ನು ಅಪ್ಪ ಸತ್ತ ದಿನವೂ ನಾನು ಅವಳ ಕಣ್ಣಲ್ಲಿ ಕಂಡಿರಲಿಲ್ಲ.

“ಸುಜಾ, ಬರೇ ಹಿಟ್ಟಿನ ರುಚಿ ಹತ್ತಿತವ್ವ.”

“ಏನು?”

“ಹಿಟ್ಟು. ಅವ ಬರ್ಲಿಲ್ಲ.” ನನ್ನ ಮೊಣಕೈ ಹಿಡಿದಳು. “ನೀ ಹೋಗು. ಸಾಲು ಇನ್ನೂ ಮುಗಿದಿಲ್ಲ. ತಗೊಂಡು ಬಾ. ನಿನಗ ಹ್ಯಾಂಗ ಹತ್ತತದ ಹೇಳು.”

ನಾನು ಪಾಪನಿವೇದನೆ ಮಾಡದೆ ಎಷ್ಟು ವರ್ಷವಾಗಿತ್ತೋ. ನಿಯಮದ ಪ್ರಕಾರ ಆ ಸಾಲಿನಲ್ಲಿ ನಿಲ್ಲುವ ಅರ್ಹತೆ ನನಗಿರಲಿಲ್ಲ. ಹೋದೆ. ಯಾರೂ ತಡೆಯಲಿಲ್ಲ, ಯಾರೂ ನನಗೆ ಅಂಗೈ ತೋರಿಸು ಎನ್ನಲಿಲ್ಲ. ಫಾದರ್ ಕೊಟ್ಟರು, ನಾನು ‘ಆಮೆನ್’ ಅಂದೆ, ಬಾಯಿಗೆ ಹಾಕಿಕೊಂಡೆ. ತಿರುಗಿ ಬರುವಷ್ಟರಲ್ಲಿ ಅದು ಕರಗಿತ್ತು. ಬರುವ ದಾರಿಯಲ್ಲಿ, ನಂಬಿಕೆಯಿಲ್ಲದ ನಾನು ಬೇಡಿಕೊಂಡೆ. ನನಗಾಗಿ ಅಲ್ಲ, ಇವಳಿಗೆ ಹೇಳಲಿಕ್ಕೆ ಏನಾದರೂ ಕೊಡು, ಇವತ್ತೊಂದು ದಿನ ಬಾ ಅಂದೆ.

ಅವ್ವ ನನ್ನ ಬಾಯಿಯನ್ನೇ ನೋಡುತ್ತಿದ್ದಳು. “ಹೇಳು, ಹ್ಯಾಂಗ ಹತ್ತಿತು?”

ಅವಳ ಮಗಳು ನಾನು, ಅಲ್ಲಿ ಕೂತು ನನಗೂ ಸುಳ್ಳು ಬರಲಿಲ್ಲ. “ನನಗೂ ಹಿಟ್ಟೇ ಹತ್ತಿತವ್ವ” ಅಂದೆ.

ಅವ್ವ ನನ್ನ ಕೈ ಬಿಟ್ಟಳು. ಸೆರಗು ತಲೆಯ ಮೇಲೆ ಎಳೆದುಕೊಂಡು, ಯಾರಿಗೋ ತಪ್ಪೊಪ್ಪಿಕೊಳ್ಳುವಂತೆ ಮೆಲ್ಲಗೆ ಹೇಳಿದಳು:

“ನಿನಗ ಮೊದಲಿಂದ ಹಿಟ್ಟೇ ಇತ್ತು ಸುಜಾ. ನನಗ ಹಂಗ ಇರ್ಲಿಲ್ಲ.”